ಅವ್ವ ಅಂತಾನ

ಮಗನ ಬೆಳವಣಿಗೆಯ ಬಗ್ಗೆ ಡಾಕ್ಟರು ಕೊಟ್ಟ ಪ್ರಶ್ನೆಗಳಿಗೆಲ್ಲ ನನ್ನ ಗಂಡ ಶಶಿಕಾಂತ ಗೋಕುಲ ರಸ್ತೆಯ ತನ್ನ ಪಂಪ್‌ಸೆಟ್ ಅಂಗಡಿಯಲ್ಲಿ ಕುಳಿತು ಉತ್ತರ ಬರೆದ. ಎದುರಿಗೆ ನಾನು ಅವನಿಗೆ ನೀವು ಎನ್ನುತ್ತೇನೆ; ಇಲ್ಲಿ ಬರೆಯುವಾಗ ಆ ಮರ್ಯಾದೆ ಕೈಗೆ ಬರುತ್ತಿಲ್ಲ. ಮಗ ಮನೆಯಲ್ಲಿದ್ದ, ನಾನೂ ಮನೆಯಲ್ಲಿದ್ದೆ. ಇವನು ಅಲ್ಲಿ ಗಿರಾಕಿಗೆ ಬಿಲ್ಲು ಹರಿದುಕೊಡುತ್ತ, ಎರಡು ವರ್ಷದ ಕೂಸಿನ ಹಣೆಬರಹದ ಮೇಲೆ ಹೌದು, ಹೌದು ಎಂದು ಟಿಕ್ ಹಾಕುತ್ತ ಹೋದ.

ಹಾಳೆಯ ಮೇಲ್ಗಡೆಯೇ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಮಗುವಿನೊಂದಿಗೆ ಮಾಡಿ ನೋಡಿ, ನಂತರ ಉತ್ತರಿಸಿ. ಡಾಕ್ಟರ್ ದಾಕ್ಷಾಯಿಣಿ ಬಾಯಿಬಿಟ್ಟೂ ಹೇಳಿದ್ದರು. "ಇದೇನ ಪರೀಕ್ಷಾ ಅಲ್ರಿ, ಪಾಸು ಫೇಲು ಇಲ್ಲ. ಕೂಸು ಎಲ್ಲೆರ ಹಿಂದ ಬಿದ್ದಿದ್ರ ನಮಗ ಲಗೂನ ತಿಳೀಬೇಕು, ಅಷ್ಟ. ದಿನಾ ನೋಡಾವ್ರು ನೀವು. ಖರೇ ಬರೀರಿ."

ದಿನಾ ನೋಡುವವಳು ನಾನು. ನಮ್ಮ ಶಿವಯೋಗೀಶ ಓಡುತ್ತಾನೆ, ಡಬ್ಬಿಯ ಮುಚ್ಚಳ ತೆಗೆದು ಬೆಲ್ಲ ಕದಿಯುತ್ತಾನೆ, ನನ್ನ ಮುಖ ಕಂಡರೆ ನಗುತ್ತಾನೆ. ಮಾತಿಲ್ಲ. ಹಿಂದಿನಿಂದ ಎಷ್ಟು ಕೂಗಿದರೂ ತಿರುಗುವುದಿಲ್ಲ. ಕುಕ್ಕರ್ ಸೀಟಿ ಹೊಡೆದರೆ ನಾನು ಬೆಚ್ಚುತ್ತೇನೆ, ಅವನು ಪಕ್ಕದಲ್ಲೇ ಕುಳಿತು ಬಟಾಣಿ ಉರುಳಿಸುತ್ತಿರುತ್ತಾನೆ. ಇದನ್ನು ಹೇಳಿದಾಗಲೆಲ್ಲ ಮನೆಯವರಿಗೆ ಅದೊಂದು ಚಾಷ್ಟಿ, ನಗೆಯಾಟ. "ಯೋಗಿ ಅಂತ ಹೆಸರಿಟ್ಟೇವಿ, ಮೌನ ಹಿಡದಾನ," ಎಂದರು ಅತ್ತೆ ಸಂಗವ್ವ. "ನಿಮ್ಮ ಮಾವನೂ ನಾಕ ವರ್ಷಕ್ಕ ಬಾಯಿ ಬಿಟ್ಟಾರ. ಈಗ ನೋಡು, ಮುಚ್ಚೂದ ಇಲ್ಲ." ಎಲ್ಲರೂ ಬಿದ್ದುಬಿದ್ದು ನಕ್ಕರು. ಶಶಿಕಾಂತನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ನಗೆಯ ಹಿಂದಿನ ಮಾತೇ ಬೇರೆ. ನಾದಿನಿ ರಜನಿಗೆ ಗಂಡು ಗೊತ್ತಾಗುವುದರಲ್ಲಿತ್ತು. "ಕಿವಿ ಕೇಳದ ಕೂಸು ಐತಿ ಅಂತ ಸುದ್ದಿ ಆದ್ರ ಬೀಗರು ಈ ಕಡೆ ಹೊಳ್ಳಿ ನೋಡೂದಿಲ್ಲ. ನಿಶ್ಚಯ ಆಗೂತನಕ ಸುಮ್ನಿರು," ಎಂದು ಅತ್ತೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದರು. ನಿಶ್ಚಯವಾದರೆ ಮದುವೆಯಾಗುವತನಕ, ಮದುವೆಯಾದರೆ ರಜನಿಗೊಂದು ಕೂಸಾಗುವತನಕ. ಅವರ 'ತನಕ' ಮುಗಿಯುವಷ್ಟರಲ್ಲಿ ನನ್ನ ಮಗನ ಮಾತು ಕಲಿಯುವ ಕಾಲ ಮುಗಿದಿರುತ್ತಿತ್ತು.

ಯುಗಾದಿ ಮುಗಿದ ವಾರ ದವಾಖಾನೆಗೆ ಹೋದೆವು. ಡಾಕ್ಟರು ಹಾಳೆ ತಿರುವಿದರು. ಕೊನೆಗೆ, ಟಿಕ್ ಹಾಕಿ ಪಾರಾಗಲು ಬಾರದ ಒಂದು ಪ್ರಶ್ನೆಯಿತ್ತು: ಮಗು ಆಡುವ ಮಾತುಗಳನ್ನು ಬರೆಯಿರಿ.

"ಅವ್ವ, ಅಪ್ಪ, ನೀರು," ಎಂದು ಓದಿದರು. "ಛಲೋ ಆತಲ್ಲ. ವಯಸ್ಸಿಗೆ ತಕ್ಕಂಗ ಐತಿ. ಇನ್ನ ಆರ ತಿಂಗಳ ಬಿಟ್ಟ ಬರ್ರಿ."

ಇವನು ಏನು ಬರೆದಿದ್ದಾನೆಂದು ನನಗೆ ಗೊತ್ತಾದದ್ದೇ ಆಗ.

"ಸುಳ್ಳ ಐತ್ರಿ ಅದು," ಎಂದೆ. "ಒಂದ ಮಾತೂ ಆಡೂದಿಲ್ರಿ ಇಂವ. ಕಿವೀನ ಕೇಳಸೂದಿಲ್ಲ ಅನಸ್ತೈತ್ರಿ ನನಗ."

ಶಶಿಕಾಂತ ನಕ್ಕ, ಗಿರಾಕಿಗಳ ಮುಂದೆ ನಗುವ ನಗೆ. "ಅಕಿ ಭಾಳ ಮನಸಿಗೆ ಹಚಗೋತಾಳ್ರಿ ಡಾಕ್ಟ್ರ, ತಾಯಿ ಅಲ್ಲೇನ್ರಿ. ನಾ ನನ್ನ ಕಿವಿಯಾರೆ ಕೇಳೇನಿ. ಅವ್ವ ಅಂತಾನ."

ಡಾಕ್ಟರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಆ ಕಡೆ ಇಸ್ತ್ರಿ ಅಂಗಿಯ ಸಮಾಧಾನದ ಗಂಡಸು, ಈ ಕಡೆ ಕಣ್ಣು ತುಂಬಿಕೊಂಡ ಹೆಂಗಸು. ಅತ್ತರೆ ನಾನು ಸೋತೆನೆಂದು ತಿಳಿದು ಕಣ್ಣೊರೆಸಿಕೊಂಡೆ.

"ನೀವು ನಿಮ್ಮ ತಾಯಿಗೆ ಏನಂತ ಕರೀತೀರಿ?" ಎಂದು ಅವನನ್ನೇ ಕೇಳಿದೆ.

"ಅದ್ಯಾಕ ಈಗ?"

"ಡಾಕ್ಟ್ರ ಮುಂದ ಹೇಳ್ರಿ."

ಅವನ ನಗೆ ನಿಂತಿತು. "ವೈನಿ ಅಂತೇನಿ."

ವೈನಿ ಎಂದರೆ ಅಣ್ಣನ ಹೆಂಡತಿ. ಅತ್ತೆಯನ್ನು ಅವರ ಮೈದುನಂದಿರು ಹಾಗೆ ಕರೆಯುತ್ತಿದ್ದರು, ಅದನ್ನೇ ಕೇಳುತ್ತ ಬೆಳೆದ ಹೆತ್ತ ಮಕ್ಕಳಿಗೂ ಅವರು ವೈನಿಯೇ ಆದರು. ನಮ್ಮ ಕಡೆಯ ತುಂಬಿದ ಮನೆಗಳಲ್ಲಿ ಇದು ಹೊಸದಲ್ಲ. ಈಗ ನಾನೂ ಮೈದುನನಿಗೆ, ರಜನಿಗೆ, ಹಾಲಿನವನಿಗೂ ವೈನಿ. ಕೂಸಿಗೆ ಅವ್ವ ಅನ್ನಲು ಕಲಿಸಹೋಗಿ, ನಮ್ಮ ಮನೆತನದಲ್ಲಿ ಆ ರೂಢಿಯಿಲ್ಲವೆಂದು ಬೈಸಿಕೊಂಡು ಬಿಟ್ಟಿದ್ದೆ.

"ಆ ಮನ್ಯಾಗ ಅವ್ವ ಅನ್ನಾವ್ರು ಒಬ್ಬರೂ ಇಲ್ರಿ," ಎಂದೆ ಡಾಕ್ಟರಿಗೆ. "ಇವಂಗ ಕಿವಿ ಕೇಳತಿದ್ರ ಇಷ್ಟೊತ್ತಿಗೆ ನನಗ ವೈನಿ ಅಂತಿದ್ದ. ಈ ಅವ್ವ ಎಲ್ಲಿಂದ ಬಂತು ಇವರನ್ನ ಕೇಳ್ರಿ."

ಡಾಕ್ಟರೂ ನಮ್ಮ ಧಾರವಾಡದ ಕಡೆಯವರೇ, ಬಿಡಿಸಿ ಹೇಳಬೇಕಾಗಲಿಲ್ಲ. ಪೆನ್ನು ಕೆಳಗಿಟ್ಟು ಶಶಿಕಾಂತನ ಮುಖ ನೋಡುತ್ತ ಕುಳಿತರು. ಮೇಜಿನ ಕೆಳಗೆ ಮಗ ಆಟಿಕೆಯ ಲಾರಿ ಉರುಳಿಸುತ್ತಿದ್ದ.

"ಗಬ್ಬೂರಾಗಿನ ನಮ್ಮ ಗೋಡೌನಿಗೆ ಇವನ್ನ ಕರಕೊಂಡ ಹೋಗಿದ್ದೆ," ಎಂದ ಶಶಿಕಾಂತ, ನೆಲ ನೋಡುತ್ತ. "ಅವನ ಹಿಂದ ನಿಂತು ಜೋರಾಗಿ ಶಟರ್ ಎಳದೆ. ಕೆಲಸದಾವ್ರೆಲ್ಲ ಹೊಳ್ಳಿ ನೋಡಿದ್ರು. ಇಂವ ನೋಡಲಿಲ್ಲ."

"ಯಾವಾಗ?"

"ದೀಪಾವಳಿ ಮುಂದ."

ಏನೂ ತಿಳಿಯದೆ ಬರೆದನೆಂದು ತಿಳಿದಿದ್ದೆ. ತಿಳಿಗೇಡಿಯನ್ನು ಹೇಗೋ ಕ್ಷಮಿಸಬಹುದು. ಇವನು ಮಾಡಿ ನೋಡಿದ್ದ. ಹಾಳೆ ಹೇಳುವುದಕ್ಕೂ ಮೊದಲೇ ಮಾಡಿ ನೋಡಿ, ಉತ್ತರ ಬಚ್ಚಿಟ್ಟುಕೊಂಡು, ಹಬ್ಬದಿಂದ ಹಬ್ಬದವರೆಗೆ ನನ್ನ ಪಕ್ಕದಲ್ಲೇ ಮಲಗಿ ಎದ್ದಿದ್ದ.

"ಮನಿ ಮಂದೆಲ್ಲ ನನಗ ಹುಚ್ಚಿ ಅಂತ ನಗೂಮುಂದ ನೀವೂ ನಕ್ರಲ್ರಿ!" ಎಂದು ಕಿರುಚಿದೆ. ಹೊರಗೆ ಕುಳಿತವರೆಲ್ಲ ಬಾಗಿಲ ಕಡೆ ನೋಡಿದರು. ನೋಡಲಿ.

"ವೈನಿ ಮುಂದ ಹೆಂಗ ಹೇಳ್ಲಿ, ಸುಕನ್ಯಾ? ರಜನೀದು ಒಂದ ಆಗಲಿ ಅಂತ..." ಅವನು ನನ್ನ ಕೈ ಹಿಡಿಯಲು ಬಂದ. ನನಗೆ ಅದೂ ಸಿಟ್ಟೇ ತರಿಸಿತು.

ಡಾಕ್ಟರು ಮರುದಿನಕ್ಕೇ ಕಿವಿ ತಪಾಸಣೆಗೆ ಚೀಟಿ ಬರೆದರು. "ಈ ವಯಸ್ಸಿನಾಗ ಒಂದೊಂದ ತಿಂಗಳೂ ದೊಡ್ಡದ್ರಿ. ಆರ ತಿಂಗಳ ನಾನೂ ಕಳದಬಿಡತಿದ್ದೆ," ಎಂದು ಹೊಸ ಹಾಳೆಗಳನ್ನು ನನ್ನ ಮುಂದಿಟ್ಟರು. "ನೀವ ಬರೀರಿ."

ನಾನು ಅವನ್ನು ಶಶಿಕಾಂತನತ್ತ ಸರಿಸಿದೆ. "ಅವರ ಬರೀಲಿರಿ. ಅವರಿಗೆ ಎಲ್ಲಾ ಗೊತ್ತೈತಿ."

ಅವನು ಬರೆದ. ಓಡುವುದಕ್ಕೆ, ಮುಚ್ಚಳ ತೆಗೆಯುವುದಕ್ಕೆ ಹೌದು. ಕರೆದರೆ ತಿರುಗುವುದಕ್ಕೆ ಇಲ್ಲ, ಹೇಳಿದ್ದು ತಂದುಕೊಡುವುದಕ್ಕೆ ಇಲ್ಲ. ಪ್ರತಿ 'ಇಲ್ಲ' ಬರೆಯುವ ಮೊದಲು ಬಗ್ಗಿ ಮೇಜಿನ ಕೆಳಗಿನ ಮಗನನ್ನು ನೋಡುತ್ತಿದ್ದ. ಪಾಪ ಅನ್ನಿಸಿತು, ಆದರೆ ಸಿಟ್ಟು ಇಳಿಯಲಿಲ್ಲ. ಮಗು ಆಡುವ ಮಾತುಗಳ ಆ ಕೊನೆಯ ಪ್ರಶ್ನೆಗೆ ಬಂದು ಪೆನ್ನು ನಿಲ್ಲಿಸಿದ.

"ಇಲ್ಲೆ ಏನ ಬರೀಲಿ?" ಎಂದ.

"ಖಾಲಿ ಬಿಡ್ರಿ," ಎಂದೆ.