ಸ್ಟ್ರೇಂಜ್ ಕ್ವಾರ್ಕಿನ ಪಾಲು

ಪ್ರಯೋಗಶಾಲೆಯಲ್ಲಿ ಎಲ್ಲರೂ ಅವಳನ್ನು ಬೆಸುಗೆಯಕ್ಕ ಎಂದೇ ಕರೆಯುತ್ತಿದ್ದರು. ತಂತಿ ಎಳೆಯುವುದು, ಬೆಸೆಯುವುದು, ಸುಟ್ಟುಹೋದ ಬೋರ್ಡು ಬದಲಿಸುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಪ್ರಯೋಗ ನಡೆಯುವ ತಿಂಗಳುಗಳಲ್ಲಿ ಎಣಿಕೆಯ ಕೋಣೆಯಲ್ಲಿ ಕೂತು ಪರದೆಗಳನ್ನು ಕಾಯುವುದೂ ಅವಳ ಪಾಲಿಗೇ. ಎಲ್ಲ ಸರಿಯಿದ್ದರೆ ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಆದರೆ ಆ ಗುರುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಎಲೆಕ್ಟ್ರಾನುಗಳ ಬೀಮಿನ ಅಳತೆ ತೋರಿಸುವ ಹಸಿರು ಗೆರೆ ಸೊನ್ನೆಯ ಮೇಲ್ಗಡೆಯಿಂದ ಕೆಳಗಡೆಗೆ ಜಿಗಿಯಿತು. ಮೂವತ್ತೈದು ನಿಮಿಷ ಅಲ್ಲೇ ಇತ್ತು. ಆಮೇಲೆ ನಾನೇನೂ ಮಾಡಿಲ್ಲಪ್ಪ ಎನ್ನುವ ಹಾಗೆ ಮೇಲಕ್ಕೆ ಬಂತು.

ಅವಳು ರಿಜಿಸ್ಟರ್ ತೆರೆದಳು. ಆ ಹೊತ್ತಿಗೆ ಯಾರೂ ಏನೂ ಬರೆದಿರಲಿಲ್ಲ. ಹಿಂದಿನ ಗುರುವಾರದ ದಾಖಲೆ ತೆಗೆದು ನೋಡಿದಳು. ಅದೇ ಹೊತ್ತು, ಅದೇ ಜಿಗಿತ. ಅದರ ಹಿಂದಿನ ವಾರವೂ ಅಷ್ಟೇ; ಹೀಗೆ ಒಟ್ಟು ಏಳು ಗುರುವಾರ. ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಪ್ರಯೋಗ ಹೀಗಿತ್ತು. ಎಲೆಕ್ಟ್ರಾನುಗಳನ್ನು ಬುಗುರಿಯ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುವಂತೆ ಮಾಡಿ, ಸೆಕೆಂಡಿಗೆ ಮೂವತ್ತು ಸಲ ಅದಲುಬದಲು ಮಾಡುತ್ತಾ, ದ್ರವ ಹೈಡ್ರೋಜನ್ ತುಂಬಿದ ಕೊಳವೆಯ ಮೇಲೆ ಬಿಡುತ್ತಿದ್ದರು. ಹೈಡ್ರೋಜನ್ನಿನ ಪ್ರೋಟಾನಿಗೆ ತಾಗಿ ಸಿಡಿದ ಎಲೆಕ್ಟ್ರಾನುಗಳನ್ನು ಎಣಿಸುತ್ತಿದ್ದರು. ಎಡದ ಎಣಿಕೆಗೂ ಬಲದ ಎಣಿಕೆಗೂ ಹತ್ತು ಲಕ್ಷಕ್ಕೆ ನಾಲ್ಕೈದರಷ್ಟು ವ್ಯತ್ಯಾಸ. ಆ ಕೂದಲೆಳೆಯ ವ್ಯತ್ಯಾಸದಲ್ಲಿ ಪ್ರಯೋಗದ ಮುಖ್ಯಸ್ಥೆ ಹುಡುಕುತ್ತಿದ್ದುದು ಸ್ಟ್ರೇಂಜ್ ಕ್ವಾರ್ಕ್ ಎಂಬ ಅತಿ ಚಿಕ್ಕ ಕಣವನ್ನು. ಎಲ್ಲರ ಬಾಯಲ್ಲಿ ಅವರು ಬರೀ ‘ಮೇಡಂ’. ಪ್ರೋಟಾನಿನ ಮನೆಯಲ್ಲಿ ಕಾಯಂ ಇರುವವರು ಮೂವರು: ಎರಡು ಅಪ್ ಕ್ವಾರ್ಕು, ಒಂದು ಡೌನ್. ನ್ಯೂಟ್ರಾನಿನಲ್ಲಿ ಎರಡು ಡೌನ್, ಒಂದು ಅಪ್. ಸ್ಟ್ರೇಂಜ್ ಎರಡು ಮನೆಯಲ್ಲೂ ಕಾಯಂ ಅಲ್ಲ. ತನ್ನ ಪ್ರತಿಕಣದ ಜೊತೆ ಜೋಡಿಯಾಗಿ ಹುಟ್ಟಿ, ಕಣ್ಣು ಮಿಟುಕಿಸುವುದಕ್ಕೂ ಬಹಳ ಮೊದಲೇ ಅಳಿದುಹೋಗುತ್ತದೆ. ಹೀಗೆ ಬಂದು ಹೋಗುವ ನೆಂಟ ಮನೆಗೆಲಸಕ್ಕೆ ಕೈ ಹಚ್ಚುತ್ತಾನೋ, ಸುಮ್ಮನೆ ಮುಖ ತೋರಿಸಿ ಹೋಗುತ್ತಾನೋ? ಪ್ರೋಟಾನು ಒಂದು ಪುಟ್ಟ ಆಯಸ್ಕಾಂತ. ಆ ಕಾಂತಶಕ್ತಿಯಲ್ಲಿ ಸ್ಟ್ರೇಂಜಿನ ಪಾಲೆಷ್ಟು? ದೊಡ್ಡ ಪಾಲೇ ಇದೆ ಎಂದು ಮೇಡಂ ಇಪ್ಪತ್ತು ವರ್ಷದಿಂದ ಹಟ ಹಿಡಿದಿದ್ದರು. ಈ ಸಲದ ಎಣಿಕೆಯೂ ಹೌದು ಹೌದು ಎಂದು ತಲೆದೂಗುತ್ತಿತ್ತು.

ಎಲೆಕ್ಟ್ರಾನುಗಳು ಹೊರಡುವ ಕಡೆ ಒಂದು ಲೇಸರ್ ಕೋಣೆ. ಅಲ್ಲಿ ಬೆಳಕಿನ ದಾರಿಗೆ ತೆಳುವಾದ ಹರಳಿನ ಬಿಲ್ಲೆಯೊಂದನ್ನು ಅಡ್ಡ ಇಟ್ಟರೆ ಎಡವೆಲ್ಲ ಬಲ, ಬಲವೆಲ್ಲ ಎಡ. ಹಸಿರು ಗೆರೆ ತಲೆಕೆಳಗಾಗಬೇಕಾದರೆ ಯಾರೋ ಬಿಲ್ಲೆಗೆ ಕೈ ಹಾಕಿರಲೇಬೇಕು. ಪ್ರಯೋಗದ ಮೊದಲರ್ಧ ಬಿಲ್ಲೆ ಹೊರಗೆ, ಎರಡನೆಯ ಅರ್ಧ ಒಳಗೆ ಎಂದು ಯೋಜನೆ. ನಡುವೆ ಯಾರೂ ಮುಟ್ಟುವಂತಿಲ್ಲ. ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಬ್ಬರು ಮೇಡಂ, ಅವರು ಗುರುವಾರ ಎರಡಕ್ಕೆ ಸಭೆಯಲ್ಲಿರುತ್ತಾರೆ. ಇನ್ನೊಬ್ಬರು ಲೇಸರ್ ನೋಡಿಕೊಳ್ಳುವವರು, ಬೆಸುಗೆಯಕ್ಕನ ಸ್ವಂತ ಭಾವ. ಅಕ್ಕನ ಗಂಡ. ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ.

ಮೇಡಂಗೆ ಬೇಕಾದ ಉತ್ತರ ಬರುವ ಹಾಗೆ ಭಾವ ಒಳಗಿಂದ ಏನೋ ಕೈಚಳಕ ನಡೆಸುತ್ತಿದ್ದಾರೆ. ಅವಳ ಮನಸ್ಸಿಗೆ ಬಂದದ್ದು ಇದು. ಬೇಡವೆಂದರೂ ಬಂತು, ಬಂದದ್ದು ಹೋಗಲಿಲ್ಲ. ಬಿಲ್ಲೆಯನ್ನು ಒಳಗಿಡುವ ದಿನವನ್ನು ಮೇಡಂ ಎರಡು ಸಲ ಮುಂದೂಡಿದ್ದು ನೆನಪಾಯಿತು. “ಬೀಮು ಇಷ್ಟು ಚೆನ್ನಾಗಿ ನಡೀತಿದೆ, ಈಗ ಅಲ್ಲಾಡಿಸೋದು ಬೇಡ” ಅಂದಿದ್ದರು. ಭಾವ ಅವರ ಜೊತೆ ಮೆಟ್ಟಿಲ ಹತ್ತಿರ ಪಿಸುಗುಡುತ್ತಿದ್ದವರು ಇವಳನ್ನು ಕಂಡು ಮಾತು ನಿಲ್ಲಿಸಿದ್ದೂ ನೆನಪಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಭಾವ ಕೆಮ್ಮಿದರೂ ಅದರಲ್ಲೊಂದು ಸಂಚು ಕೇಳಿಸತೊಡಗಿತು.

ಭಾನುವಾರ ಅಕ್ಕನ ಮನೆಗೆ ಹೋದಾಗ ಸುತ್ತಿ ಬಳಸಿ ಕೇಳಿದಳು. “ಭಾವ, ಗುರುವಾರ ಊಟಕ್ಕೆ ಕಾಣಲೇ ಇಲ್ಲ?”

“ಹೊಟ್ಟೆ ಸರಿ ಇರಲಿಲ್ಲ ಕಣೆ” ಎಂದು ಅವರು ಪೇಪರು ಅಡ್ಡ ಹಿಡಿದರು. ಪೇಪರು ತಲೆಕೆಳಗಾಗಿರಲಿಲ್ಲ, ಆದರೆ ಹಾಳೆ ಮಗುಚಲೂ ಇಲ್ಲ.

ಅಕ್ಕ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ನಿನಗೂ ಅನಿಸ್ತಾ? ನನಗೆ ಒಂದು ತಿಂಗಳಿಂದ ಅನುಮಾನ. ಗುರುವಾರ ಬಂತು ಅಂದ್ರೆ ಈ ಮನುಷ್ಯ ಬುಧವಾರವೇ ಮಂಕಾಗ್ತಾರೆ. ಕೇಳಿದ್ರೆ ಏನಿಲ್ಲ ಅಂತಾರೆ. ನಿಜ ಹೇಳು, ಆ ಮೇಡಂ ನೋಡೋಕೆ ಹೇಗಿದ್ದಾಳೆ?”

“ಅಯ್ಯೋ ಅಕ್ಕ, ಅವರಿಗೆ ಅರವತ್ತೆರಡು ವರ್ಷ!”

“ಅರವತ್ತೆರಡು ಆದ್ರೇನು? ಇವರೇನು ಹದಿನಾರರ ಹುಡುಗನಾ?”

ನಗು ಬಂದರೂ ಅವಳು ನಗಲಿಲ್ಲ. ಅಕ್ಕನಿಗೆ ಹೇಳಿದರೆ ಒಲೆಗೆ ಎಣ್ಣೆ ಸುರಿದ ಹಾಗೆ; ಹೇಳದಿದ್ದರೆ ತನ್ನೊಳಗೇ ಉರಿಯುತ್ತದೆ. ಮುಂದಿನ ಗುರುವಾರ ಖುದ್ದು ಹೋಗಿ ನೋಡುವುದೆಂದು ನಿರ್ಧರಿಸಿದಳು.

ಪರದೆ ಕಾಯಲು ಇನ್ನೊಬ್ಬಳನ್ನು ಕೂರಿಸಿ, ಎರಡಕ್ಕೆ ಐದು ನಿಮಿಷ ಇರುವಾಗಲೇ ಅವಳು ಲೇಸರ್ ಕೋಣೆಯ ಎದುರಿನ ಸಾಮಾನು ಗೂಡಿನಲ್ಲಿ ಹೋಗಿ ನಿಂತಳು. ಭಾವ ಬಂದರು, ಆಚೀಚೆ ನೋಡಿದರು, ಬೀಗ ತೆಗೆದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವರು ಬಾಗಿಲನ್ನೂ ಸರಿಯಾಗಿ ಮುಚ್ಚಿರಲಿಲ್ಲ. ಅವಳು ಒಳಗೆ ಕಾಲಿಟ್ಟಾಗ ಭಾವನ ಕೈ ಬಿಲ್ಲೆಯ ಹಿಡಿಯ ಮೇಲಿತ್ತು.

“ಏನ್ ಭಾವ ಇದು? ಏಳು ವಾರದಿಂದ ಕದ್ದುಮುಚ್ಚಿ ಏನ್ ಮಾಡ್ತಿದ್ದೀರಿ? ಯಾರಿಗೋಸ್ಕರ?”

ಭಾವ ಬೆಚ್ಚಿಬೀಳಲಿಲ್ಲ. ದಣಿದವರಂತೆ ಸ್ಟೂಲಿನ ಮೇಲೆ ಕೂತರು. “ಕೂಗಬೇಡ. ನಾನು ಏನೂ ಕದ್ದಿಲ್ಲ. ಕಳ್ಳನ್ನ ಹುಡುಕ್ತಿದ್ದೀನಿ.”

“ಸಿಕ್ಕಿದ್ನಾ?”

“ಸಿಕ್ಕಿದ ಹಾಗಿದೆ.” ಅವರು ಅವಳ ಮುಖ ನೋಡಲಿಲ್ಲ. “ನೋಡು, ಬಿಲ್ಲೆ ಒಳಗಿಟ್ಟಾಗ ನಿಜವಾದ ವ್ಯತ್ಯಾಸ ತಲೆಕೆಳಗಾಗಬೇಕು. ಏಳು ಗುರುವಾರ ಸೇರಿಸಿ ಲೆಕ್ಕ ಹಾಕಿದೆ. ಮುಕ್ಕಾಲು ಭಾಗ ತಲೆಕೆಳಗಾಗುತ್ತೆ. ಕಾಲು ಭಾಗ ಇದ್ದ ಹಾಗೇ ಇರುತ್ತೆ. ಮೇಡಂ ಸ್ಟ್ರೇಂಜ್ ಕ್ವಾರ್ಕಿನ ಪಾಲು ಅಂತ ಕುಣೀತಿರೋದು ಆ ಕಾಲು ಭಾಗಾನೇ. ಅದು ಪ್ರೋಟಾನಿಂದ ಬರ್ತಿಲ್ಲ. ತಂತಿಯಿಂದ ಬರ್ತಿದೆ.”

ತಂತಿ ಎಂಬ ಮಾತು ಅವಳಿಗೆ ತಟ್ಟಲು ಒಂದು ಕ್ಷಣ ಹಿಡಿಯಿತು.

“ಅಂದ್ರೆ ನನ್ನ ಮೇಲೆ ಅನುಮಾನ.”

“ಮೇಡಂಗೆ ಬಿಲ್ಲೆ ಬೇಗ ಬದಲಿಸಿ ಅಂತ ಬೇಡಿಕೊಂಡೆ, ಅವರು ಕೇಳಲಿಲ್ಲ. ನಿನ್ನನ್ನ ಕೇಳೋಣ ಅಂದ್ರೆ… ನಾದಿನಿ ನೀನು. ಸುಮ್ಮನೆ ಆಪಾದನೆ ಹೊರಿಸಿದ ಹಾಗಾಗಬಾರದು ಅಂತ, ಪೂರ್ತಿ ಖಾತ್ರಿ ಆಗಲಿ ಅಂತ ಕಾದೆ.”

“ಏಳು ವಾರ! ನನ್ನ ಜೊತೆ ಕೂತು ಊಟ ಮಾಡಿ, ಏಳು ವಾರ!” ತಾನೂ ಒಂದು ವಾರದಿಂದ ಅವರ ಬೆನ್ನು ಹತ್ತಿದ್ದೇನೆ ಎಂಬುದು ಆ ಸಿಟ್ಟಿನಲ್ಲಿ ಮರೆತೇಹೋಗಿತ್ತು. “ಬನ್ನಿ, ಈಗಲೇ ನೋಡೋಣ. ನನ್ನ ತಂತಿಯಲ್ಲಿ ತಪ್ಪು ಸಿಕ್ಕರೆ ಈ ಕೈಯಲ್ಲಿ ಮತ್ತೆ ಬೆಸುಗೆ ಕಡ್ಡಿ ಹಿಡಿಯೋಲ್ಲ.”

ಆ ಮಾತು ಆಡಬಾರದಿತ್ತು.

ಸಂಜೆ ಬೀಮು ನಿಂತಿದ್ದ ಎರಡು ಗಂಟೆಯಲ್ಲಿ ಇಬ್ಬರೂ ಪರೀಕ್ಷಿಸಿದರು. ಎಲೆಕ್ಟ್ರಾನುಗಳಿಲ್ಲ, ಪ್ರೋಟಾನುಗಳಿಲ್ಲ, ಎಣಿಕೆಯ ಯಂತ್ರಗಳಿಗೆ ಬರೀ ಒಂದೇ ಸಮನೆ ಮಿಡಿಯುವ ಕೃತಕ ಸಂಕೇತ ಕೊಟ್ಟರು. ವ್ಯತ್ಯಾಸ ಸೊನ್ನೆ ಬರಬೇಕು. ಬರಲಿಲ್ಲ. ಈಗ ಎಡ, ಈಗ ಬಲ ಎಂದು ಹೇಳುವ ತಂತಿಯನ್ನು ಕಿತ್ತರು. ಸೊನ್ನೆ ಬಂತು. ಮತ್ತೆ ಜೋಡಿಸಿದರು. ವ್ಯತ್ಯಾಸ ಮರಳಿ ಬಂತು, ಸ್ಟ್ರೇಂಜ್ ಕ್ವಾರ್ಕಿನ ವೇಷ ಹಾಕಿಕೊಂಡು.

ಅವಳು ಟಾರ್ಚು ಹಿಡಿದು ಸೂರಿನಡಿ ತಂತಿಗಳನ್ನು ಮಲಗಿಸುವ ತಗಡಿನ ಹಾಸಿನ ಉದ್ದಕ್ಕೂ ಹೋದಳು. ಆ ಒಂದು ತಂತಿಗೆಂದೇ ಬೇರೆ ಹಾಸು ಇತ್ತು. ಅದು ಉಳಿದವಕ್ಕೆ ಸೋಕಲೇಬಾರದು, ಸೋಕಿದರೆ ಅದರ ಸಂಕೇತ ಎಣಿಕೆಗೆ ಜಿನುಗುತ್ತದೆ. ಕೊನೆಯಲ್ಲಿ ನಾಲ್ಕು ಮೀಟರು ಮಾತ್ರ ಅದು ಎಣಿಕೆಯ ತಂತಿಗಳ ಜೊತೆ ಒಂದೇ ಹಾಸಿನಲ್ಲಿ ಹೊಸೆದುಕೊಂಡು ಮಲಗಿತ್ತು. ನೋಡುತ್ತಲೇ ನೆನಪಾಯಿತು. ಮೊದಲ ಪರೀಕ್ಷೆ ಸರಿಯಾಗಿಯೇ ಮುಗಿದಿತ್ತು. ಆಮೇಲೆ ಯಂತ್ರಗಳ ಚೌಕಟ್ಟನ್ನು ಸ್ವಲ್ಪ ಆಚೆ ಸರಿಸಿದರು, ಹಾಸು ಸಾಲದೆ ಬಂತು. ಹೊಸ ಹಾಸು ಬರುವವರೆಗೆ ಹೀಗಿರಲಿ ಎಂದು ಅವಳೇ ಎಳೆದಿದ್ದಳು. ಹಾಸು ಬಂತು, ಗೋಡೆಗೆ ಒರಗಿಯೂ ನಿಂತಿತು. ಅವಳು ಮರೆತಳು.

ಏಣಿಯ ಮೇಲೆ ಕೂತು ಅತ್ತಳು. ಭಾವ ಕೆಳಗೆ ಏಣಿ ಹಿಡಿದು ನಿಂತಿದ್ದರು. “ಇಳಿ, ಇಳಿ. ಮೊದಲು ಮೇಡಂಗೆ ಹೇಳೋಣ” ಎಂದರು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದರು. “ನೀವಿಬ್ಬರೂ ಸಂಬಂಧಿಕರು ಅಲ್ವಾ?”

“ಹೌದು ಮೇಡಂ.”

“ಮೊದಲರ್ಧದ ಫಲಿತಾಂಶ ಹೊರಗೆ ಹೇಳೋಕೆ ಒಂದು ತಿಂಗಳಿದೆ. ಈಗ ನಾದಿನಿ, ಭಾವ ಇಬ್ಬರೂ ಸೇರಿ ಬಂದು ಇಪ್ಪತ್ತು ವರ್ಷದ ಕೆಲಸ ನಾಲ್ಕು ಮೀಟರ್ ತಂತಿ ಅಂತ ಹೇಳ್ತೀರಿ. ಯಾರು ಕಳಿಸಿದ್ರು ನಿಮ್ಮನ್ನ?”

ಅನುಮಾನದ ರುಚಿ ಹೇಗಿರುತ್ತದೆಂದು ಬೆಸುಗೆಯಕ್ಕನಿಗೆ ಅವತ್ತು ಚೆನ್ನಾಗಿ ತಿಳಿಯಿತು. ಮೇಡಂ ಭಾವನ ಲೇಸರ್ ಕೋಣೆಯ ಬೀಗದ ಕೈಯನ್ನೂ ಅವಳ ಎಣಿಕೆಯ ಕೋಣೆಯ ಬೀಗದ ಕೈಯನ್ನೂ ಕಿತ್ತುಕೊಂಡರು. ಹನ್ನೊಂದು ದಿನ ಯಾರನ್ನೂ ಹತ್ತಿರ ಬಿಡದೆ, ಅರವತ್ತೆರಡರ ಮೊಣಕಾಲಿನಲ್ಲಿ ತಾವೇ ಏಣಿ ಹತ್ತಿ ತಂತಿ ಬೇರ್ಪಡಿಸಿ, ತಾವೇ ಬಿಲ್ಲೆ ಒಳಗಿಟ್ಟು ಹೊರಗಿಟ್ಟು ಎಣಿಸಿದರು. ಹನ್ನೆರಡನೆಯ ದಿನ ಇಬ್ಬರನ್ನೂ ಕರೆದು ಕಾಗದವೊಂದನ್ನು ಮೇಜಿನ ಮೇಲೆ ಸರಿಸಿದರು. ಪ್ರೋಟಾನಿನ ಕಾಂತಶಕ್ತಿಯಲ್ಲಿ ಸ್ಟ್ರೇಂಜ್ ಕ್ವಾರ್ಕಿನ ಪಾಲು ಎಷ್ಟು ಚಿಕ್ಕದೆಂದರೆ, ಅಳತೆಯ ತಪ್ಪಿನ ಮಿತಿಯೊಳಗೆ ಅದು ಸೊನ್ನೆಯೂ ಇರಬಹುದಿತ್ತು.

“ಅಂದ್ರೆ ನೆಂಟ ಕೆಲಸಕ್ಕೆ ಕೈ ಹಚ್ಚೋಲ್ಲ” ಎಂದರು ಮೇಡಂ. ಆಮೇಲೆ, “ಆ ತಂತಿ ನೀವೇ ಎಳೆದದ್ದು ಅಂತ ನೀವೇ ಒಪ್ಪಿಕೊಂಡ್ರಿ. ನಾನಾಗಿದ್ರೆ ಒಪ್ಪುತ್ತಿದ್ದೆನೋ ಇಲ್ಲವೋ” ಎಂದು ಬೀಗದ ಕೈಗಳನ್ನು ಹಿಂತಿರುಗಿಸಿದರು. ಕ್ಷಮೆ ಕೇಳಲಿಲ್ಲ. ಬಿಲ್ಲೆ ಮಾತ್ರ ಅಂದಿನಿಂದ ದಿನಾ ಬೆಳಗ್ಗೆ ಬದಲಾಗತೊಡಗಿತು, ರಿಜಿಸ್ಟರಿನಲ್ಲಿ ಇಬ್ಬರ ಸಹಿಯೊಂದಿಗೆ.

ಸಂಗತಿ ತಿಳಿದ ಅಕ್ಕ ಇಬ್ಬರನ್ನೂ ಒಂದೇ ಉಸಿರಿಗೆ ಬೈದಳು. ಆಮೇಲೆ ಗಂಡನಿಗೆ, “ಹೋಗಲಿ, ತಂತಿಯ ವಿಷಯ ತಾನೆ” ಎಂದು ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಅವರಿಗೆ ಅದು ಯಾಕೆಂದು ಗೊತ್ತಾಗಲೇ ಇಲ್ಲ.

ಮುಂದಿನ ಪ್ರಯೋಗ ಭಾರ ಹೈಡ್ರೋಜನ್ನಿನದು. ಅದರಲ್ಲಿ ಪ್ರೋಟಾನಿನ ಪಕ್ಕ ನ್ಯೂಟ್ರಾನೂ ಇರುತ್ತದೆ. ಅಲ್ಲಿ ನೆಂಟನ ನಡತೆ ಹೇಗೋ ನೋಡಬೇಕಿತ್ತು. ಬೆಸುಗೆ ಕಡ್ಡಿ ಹಿಡಿಯಲೋ ಬೇಡವೋ ಎಂದು ಅವಳು ಎರಡು ದಿನ ಒದ್ದಾಡಿದಳು. ಮೂರನೆಯ ದಿನ ಹಿಡಿದಳು. ಹೊಸ ಹಾಸು ಹಾಕಿ, ಆ ತಂತಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒಂಟಿಯಾಗಿ ಎಳೆದು, ಭಾವನನ್ನು ತಾನೇ ಕರೆದಳು.

“ನೋಡಿಬಿಡಿ. ಪ್ರತಿ ಅಂಗುಲಾನೂ ನೋಡಿ. ಅನುಮಾನ ಬಂದ್ರೆ ಅಲ್ಲೇ ಬಾಯಿ ಬಿಡಿ, ಏಳು ವಾರ ನುಂಗಿಕೊಂಡು ಕೂರಬೇಡಿ.”

“ನೀನೂ ಅಷ್ಟೇ” ಎಂದರು ಭಾವ. ಏಣಿ ಹತ್ತಿ, ನಿಜಕ್ಕೂ ಅಂಗುಲ ಅಂಗುಲವಾಗಿ ನೋಡತೊಡಗಿದರು. ಇಷ್ಟೊಂದು ನೋಡುವುದೇನಿದೆ ಎಂದು ಅವಳಿಗೆ ಸ್ವಲ್ಪ ಚುಚ್ಚಿತು. ಆದರೂ ಅವರು ಒಂದು ಬಾಗಿನಲ್ಲಿ ಬೇಗ ಮುಂದೆ ಸರಿದಾಗ, “ಅಲ್ಲಿ ಸರಿಯಾಗಿ ನೋಡಲಿಲ್ಲ ನೀವು” ಎಂದು ಕೆಳಗಿಂದ ಕೂಗಿದಳು.