ವಲೇರಿಯನ್ ಮಾಸ್ಟ್ರ ಉದ್ದ ಸ್ವರ

ನನ್ನ ಜೀವನವನ್ನು ಮೂರು ಘಟ್ಟಗಳಾಗಿ ವಿಂಗಡಿಸಬಹುದು. 1968ರಲ್ಲಿ ಮೀರತ್ ನಗರದ ಓಣಿಯೊಂದರಲ್ಲಿ ಹುಟ್ಟಿ, ಹುಬ್ಬಳ್ಳಿಯ ಮದುವೆ ಬ್ಯಾಂಡೊಂದರಲ್ಲಿ ದುಡಿದದ್ದು ಮೊದಲನೆಯದು. 1981ರಿಂದ ಮಂಗಳೂರಿನ ಹೊರವಲಯದ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕ ವಲೇರಿಯನ್ ಕುಟಿನ್ಹಾ ಅವರ ಕೈಯಲ್ಲಿದ್ದದ್ದು ಎರಡನೆಯದು. ಅವರ ನಂತರದ್ದು ಮೂರನೆಯದು.

ನಾನು ಒಂದು ಟ್ರಾಂಬೋನ್. ಹಿತ್ತಾಳೆಯ ತಗಡನ್ನು ಬಡಿದು, ಬಗ್ಗಿಸಿ, ಬೆಸೆದು ನನ್ನನ್ನು ಮಾಡಿದರು. ಕೊಳಲಿಗಿರುವಂತೆ ನನಗೆ ರಂಧ್ರಗಳಿಲ್ಲ, ಟ್ರಂಪೆಟ್ಟಿಗಿರುವಂತೆ ಗುಂಡಿಗಳಿಲ್ಲ. ಬಲಗೈಯಿಂದ ಹಿಂದೆ ಮುಂದೆ ಸರಿಸುವ ಉದ್ದನೆಯ ನಳಿಗೆಯೊಂದಿದೆ. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಗುರುತುಗಳಿಲ್ಲ, ಕಿವಿಯೇ ಹೇಳಬೇಕು. ನಳಿಗೆ ಮುಂದಿನವರ ಬೆನ್ನಿಗೆ ತಾಗುವುದರಿಂದ ಮೆರವಣಿಗೆಯಲ್ಲಿ ನಮ್ಮನ್ನು ಯಾವಾಗಲೂ ಮೊದಲ ಸಾಲಿನಲ್ಲಿ ನಿಲ್ಲಿಸುತ್ತಾರೆ. ಆದ್ದರಿಂದ ಟ್ರಾಂಬೋನ್ ಊದುವವರ ತಪ್ಪು ಎಲ್ಲರಿಗಿಂತ ಮೊದಲು ಕಾಣುತ್ತದೆ.

ಹುಬ್ಬಳ್ಳಿಯ ಬ್ಯಾಂಡ್ ಮುಚ್ಚಿದಾಗ ವಲೇರಿಯನ್ ಮಾಸ್ಟ್ರು ನನ್ನನ್ನು ತಂದರು. ಮೊದಲ ದಿನವೇ ಮನೆಯ ಹಿತ್ತಲಲ್ಲಿ ಕುಳಿತು ಉಗುರುಬೆಚ್ಚಗಿನ ನೀರಿನಲ್ಲಿ ನನ್ನನ್ನು ತೊಳೆದರು. ಅವರ ಪತ್ನಿ ಗ್ರೆಟ್ಟಾ ಬಾಯಿ ಬಾಗಿಲಲ್ಲಿ ನಿಂತು ನೋಡಿದರು.

"ಮದುವೆ ಆದ ಮೇಲೆ ನನ್ನದೊಂದು ಸೀರೆ ತೊಳೆದದ್ದುಂಟಾ ನೀವು? ಇದಕ್ಕೆ ಬಿಸಿನೀರು ಬೇರೆ."

"ಸೀರೆ ಊದಿದರೆ ಸ್ವರ ಬರುವುದಿಲ್ಲ," ಎಂದರು ಮಾಸ್ಟ್ರು.

"ಊದಿ ನೋಡಿದ್ದೀರಾ?"

ಇಬ್ಬರೂ ನಕ್ಕರು. ಅಂಥ ಮನೆ ಅದು.

ಶಾಲೆಯಲ್ಲಿ ಮಾಸ್ಟ್ರು ಹೊಸ ಮಕ್ಕಳಿಗೆ ವಾದ್ಯವನ್ನು ಕೂಡಲೇ ಕೊಡುತ್ತಿರಲಿಲ್ಲ. ಸ್ವರವನ್ನು ಮೊದಲು ಬಾಯಲ್ಲಿ ಹಾಡಿಸುತ್ತಿದ್ದರು. ಹಾಡಲು ಬಾರದ ಸ್ವರವನ್ನು ಕೈ ಹುಡುಕಲಾರದು ಎಂಬುದು ಅವರ ಸಿದ್ಧಾಂತವಾಗಿತ್ತು. ನಡೆಯುತ್ತಾ ನುಡಿಸುವ ನಿಧಾನಗತಿಯ ಮಾರ್ಚೊಂದನ್ನು ಅವರೇ ರಚಿಸಿದ್ದರು. ಅದರ ಕೊನೆಯಲ್ಲಿ ಟ್ರಾಂಬೋನುಗಳು ಮಾತ್ರ ಹಿಡಿದು ನಿಲ್ಲುವ ಒಂದು ಉದ್ದ ಸ್ವರವಿತ್ತು.

2003ರ ಬೇಸಿಗೆಯಲ್ಲಿ ಆ ಉದ್ದ ಸ್ವರ ಅಲುಗತೊಡಗಿತು. ನಳಿಗೆ ಸರಿಯುತ್ತಿರುವಾಗ ಅವರ ಬಲಗೈ ಸ್ಥಿರವಾಗಿರುತ್ತಿತ್ತು. ಒಂದೆಡೆ ನಿಂತೊಡನೆ ನಡುಕ ಬರುತ್ತಿತ್ತು. ಲೋಹಕ್ಕೆ ಇಂಥದ್ದು ಬೇಗ ತಿಳಿಯುತ್ತದೆ. ಕನ್ನಡ ಪಂಡಿತರಾದ ಕೇಕುಣ್ಣಾಯರು ಶಾಸ್ತ್ರೀಯ ಸಂಗೀತ ಬಲ್ಲವರು. ಒಂದು ದಿನ ಬ್ಯಾಂಡ್ ಕೊಠಡಿಗೆ ಬಂದು ತಲೆದೂಗಿದರು.

"ಎಂತ ಮಾಸ್ಟ್ರೇ, ಇಂಗ್ಲಿಷ್ ಕೊಳವೆಯಲ್ಲಿ ಕಂಪಿತ ತಂದಿರಲ್ಲ ಮಾರಾಯ್ರೇ. ನಮ್ಮ ಪಿಟೀಲಿನವರು ಇದಕ್ಕೆ ವರ್ಷಗಟ್ಟಲೆ ಬೆವರು ಸುರಿಸ್ತಾರೆ."

ಸ್ವರವನ್ನು ಬೇಕೆಂದೇ ಅಲುಗಿಸುವ ಗಮಕಕ್ಕೆ ಕಂಪಿತವೆಂದು ಹೆಸರು. ಮಾಸ್ಟ್ರು ಆ ಹೊಗಳಿಕೆಯನ್ನು ನಿರಾಕರಿಸಲಿಲ್ಲ. ಅದೇ ವಾರ ವೈದ್ಯರು ಆ ನಡುಕಕ್ಕೆ ಪಾರ್ಕಿನ್ಸನ್ ಕಾಯಿಲೆ ಎಂಬ ಬೇರೆ ಹೆಸರು ಹೇಳಿದ್ದರು. ಗ್ರೆಟ್ಟಾ ಬಾಯಿಯೊಬ್ಬರಿಗೇ ಅದು ಗೊತ್ತಿತ್ತು. ಅಂದಿನಿಂದ ಅವರು ಗಂಡನ ಲೋಟಕ್ಕೆ ಅರ್ಧ ಚಹಾ ಮಾತ್ರ ಸುರಿದು, ಉಳಿದರ್ಧವನ್ನು ಆಮೇಲೆ ತರುತ್ತಿದ್ದರು.

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಒಲಿಂಡಾ ಅವರಿಗೆ ಕಂಪ್ಯೂಟರುಗಳಿಗಾಗಿ ಒಂದು ಕೊಠಡಿ ಬೇಕಾಗಿತ್ತು; ಬ್ಯಾಂಡ್ ಕೊಠಡಿಯ ಮೇಲೆ ಅವರ ಕಣ್ಣಿತ್ತು. ಅವರು ಕೆಟ್ಟವರಲ್ಲ, ಸ್ಪಷ್ಟವಾಗಿ ಮಾತಾಡುವವರು.

"ಸ್ವಾತಂತ್ರ್ಯೋತ್ಸವದ ಪರೇಡಿನಲ್ಲಿ ಬ್ಯಾಂಡ್ ಸರಿಯಾಗಿ ನುಡಿದರೆ ಈ ಕೊಠಡಿ ನಿಮ್ಮದು. ನಿಮಗೆ ಆಗದಿದ್ದರೆ ಬೇರೆ ಮಾಸ್ಟ್ರನ್ನು ಎಲ್ಲಿಂದ ತರಲಿ? ಬ್ಯಾಂಡ್ ನಿಲ್ಲಿಸುವುದೇ." ನಂತರ ಅವರ ದೃಷ್ಟಿ ಕೆಳಗಿಳಿಯಿತು. "ಕೈಗೆ ಎಂತ ಆಗಿದೆ ಮಾಸ್ಟ್ರೇ?"

"ಚಳಿ ಸಿಸ್ಟರ್."

"ಮೇ ತಿಂಗಳಲ್ಲಿಯಾ?"

ಮಾಸ್ಟ್ರು ಕೈಯನ್ನು ನನ್ನ ನಳಿಗೆಯ ಹಿಂದೆ ಸರಿಸಿದರು. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ಹಾಡುತ್ತಾ ಬರುತ್ತಿದ್ದ ಆ ಕೊಠಡಿ ಈಗ ಅವರ ಮಣಿಕಟ್ಟಿನ ಮೇಲೆ ನಿಂತಿತ್ತು.

ಅವರ ಮಗಳು ಐವಿ ಒಂಬತ್ತನೆಯ ತರಗತಿಯಲ್ಲಿದ್ದಳು. ಬ್ಯಾಂಡಿನಲ್ಲಿ ಮಾಸ್ಟ್ರ ಪಕ್ಕದಲ್ಲೇ ನಿಂತು ಟ್ರಾಂಬೋನ್ ಊದುತ್ತಿದ್ದಳು. ಶಾಲೆಯಲ್ಲಿ ಅವಳು ತಂದೆಯನ್ನು ಸರ್ ಎಂದೇ ಕರೆಯಬೇಕಿತ್ತು. ಜುಲೈಯ ಒಂದು ಅಭ್ಯಾಸದ ಬಳಿಕ ಉಳಿದವರು ಹೊರಟ ಮೇಲೂ ಅವಳು ಕದಲಲಿಲ್ಲ.

"ಪಪ್ಪಾ, ಅದು ಕಂಪಿತ ಅಲ್ಲ."

"ಇಲ್ಲಿ ಸರ್ ಅನ್ನಬೇಕು."

"ಊದದೆ ಇರುವಾಗಲೂ ಅಲುಗ್ತಾ ಉಂಟು, ಸರ್."

ಮಾಸ್ಟ್ರು ನನ್ನನ್ನು ಮಡಿಲಲ್ಲಿ ಮಲಗಿಸಿಕೊಂಡರು. ಅವಳು ಹೇಳಿದ್ದನ್ನು ನನ್ನ ನಳಿಗೆ ಅಲ್ಲೇ ಅಲುಗಿ ಒಪ್ಪಿಕೊಂಡಿತು.

"ಆ ಉದ್ದ ಸ್ವರ ಕತ್ತರಿಸಿ ಬಿಡುವ," ಎಂದಳು ಐವಿ.

"ಅದು ಎಲ್ಲಿ ಹೋಯಿತು ಅಂತ ಸಿಸ್ಟರ್ ಕೇಳ್ತಾರೆ. ಅವರಿಗೆ ಆ ಮಾರ್ಚ್ ಬಾಯಿಪಾಠ."

ಆಪತ್ತು ಏನೆಂದು ಇಬ್ಬರಿಗೂ ತಿಳಿದಿತ್ತು. ಬ್ಯಾಂಡಿನ ನಾಲ್ಕು ಟ್ರಾಂಬೋನುಗಳಲ್ಲಿ ಮೂರರ ಸ್ವರ ನೇರವಾಗಿ ನಿಂತು ಒಂದರದ್ದು ಮಾತ್ರ ಅಲುಗಿದರೆ ಅದು ಗಮಕವಾಗಿ ಕೇಳುವುದಿಲ್ಲ, ಅಪಸ್ವರವಾಗಿ ಕೇಳುತ್ತದೆ.

ಪರೇಡಿನ ದಿನ ಮಳೆ ಬಿಟ್ಟಿತ್ತು. ವೇದಿಕೆಯ ಮುಂದೆ ಮೊದಲ ಸಾಲಿನಲ್ಲಿ ನಾವು ನಾಲ್ವರು. ಮಾರ್ಚ್ ಆರಂಭವಾಯಿತು. ನಡೆಯುವಾಗ, ಸರಿಯುವಾಗ ಕೈ ಮಾತು ಕೇಳಿತು. ಅಂತಿಮ ಭಾಗ ಹತ್ತಿರವಾದಂತೆ ಮಾಸ್ಟ್ರ ಹೆಬ್ಬೆರಳು ನನ್ನನ್ನು ಒತ್ತಿದ ರೀತಿಯಲ್ಲಿ ಅವರ ಭಯ ನನಗೆ ತಿಳಿಯಿತು. ಡ್ರಮ್ ನಿಂತಿತು. ಕ್ಲಾರಿನೆಟ್‌ಗಳು ನಿಂತವು. ಉದ್ದ ಸ್ವರ ಬಂತು. ಒಂದು ಕ್ಷಣ ಸ್ಥಿರವಾಗಿದ್ದು, ಅನಂತರ ನಾನು ನಡುಗಿದೆ. ವೇದಿಕೆಯ ಮೇಲೆ ಸಿಸ್ಟರ್ ತಲೆಯೆತ್ತಿದರು.

ಅಷ್ಟರಲ್ಲಿ ಎಡಬದಿಯಿಂದ ಇನ್ನೊಂದು ನಡುಕ ಕೇಳಿತು. ಐವಿಯ ನಳಿಗೆ ನನ್ನದೇ ವೇಗದಲ್ಲಿ ಅಲುಗುತ್ತಿತ್ತು. ಅವಳಾಚೆಯ ಇಬ್ಬರ ನಳಿಗೆಗಳೂ ಅಲುಗಿದವು. ತಂದೆಗೆ ತಿಳಿಯದಂತೆ ಅವಳು ಅವರಿಬ್ಬರಿಂದ ಆ ನಡುಕವನ್ನು ಮೊದಲು ಹಾಡಿಸಿ, ಆಮೇಲೆ ಕೈಗೆ ಕಲಿಸಿದ್ದಳು. ನಾಲ್ಕು ವಾದ್ಯಗಳ ಸ್ವರ ಒಂದೇ ಅಲೆಯಾಗಿ ಮೈದಾನದ ಆಚೆಗೆ ಹೋಯಿತು.

ಸಿಸ್ಟರ್ ನೇರವಾಗಿ ನಮ್ಮ ಬಳಿ ಬಂದರು, ಹಿಂದೆಯೇ ಕೇಕುಣ್ಣಾಯರೂ. "ಕೊನೆಯ ಸ್ವರವನ್ನು ಎಲ್ಲರೂ ಯಾಕೆ ನಡುಗಿಸಿದ್ದು?"

ಮಾಸ್ಟ್ರು ಬಾಯಿ ತೆರೆಯುವ ಮೊದಲೇ ಐವಿ ಹೇಳಿದಳು: "ಅದು ಕಂಪಿತ, ಸಿಸ್ಟರ್. ಕೇಕುಣ್ಣಾಯ ಸರ್ ಹೇಳಿಕೊಟ್ಟದ್ದು."

ಕೇಕುಣ್ಣಾಯರು ಏನನ್ನೂ ಹೇಳಿಕೊಟ್ಟಿರಲಿಲ್ಲ. ಅವರು ಮಾಸ್ಟ್ರ ಕೈಯನ್ನು ನೋಡಿದರು. ಅದು ಈಗಲೂ ಅಲುಗುತ್ತಿತ್ತು. ತಾವು ಹೊಗಳಿದ್ದು ಏನನ್ನು ಎಂಬುದು ಆಗ ಅವರಿಗೆ ಅರ್ಥವಾಯಿತು.

"ಹೌದು, ನಾನೇ," ಎಂದರು.

"ನಿಮಗೆ ಯಾವಾಗ ಬ್ಯಾಂಡ್ ಬಂತು ಪಂಡಿತರೇ?"

"ಬ್ಯಾಂಡ್ ಬರುವುದಿಲ್ಲ ಸಿಸ್ಟರ್. ಕಂಪಿತ ಬರ್ತದೆ."

ಸಿಸ್ಟರ್ ಮೂವರ ಮುಖಗಳನ್ನೂ ನೋಡಿದರು. ಎಷ್ಟು ಅರ್ಥವಾಯಿತೋ ತಿಳಿಯದು. "ಚೆಂದ ಇತ್ತು," ಎಂದು ಹೇಳಿ ಹೋದರು. ಕಂಪ್ಯೂಟರುಗಳು ಗ್ರಂಥಾಲಯದ ಪಕ್ಕಕ್ಕೆ ಹೋದವು.

ಮಾಸ್ಟ್ರು ಮತ್ತೆರಡು ವರ್ಷ ನನ್ನನ್ನು ಊದಿದರು. ಕೈ ಪೂರ್ತಿ ಸೋತ ಮೇಲೆ ಕುರ್ಚಿಯಲ್ಲಿ ಕುಳಿತು ಹಾಡಿಯೇ ಕಲಿಸಿದರು. ಗ್ರೆಟ್ಟಾ ಬಾಯಿ ಸಂಜೆ ಬಂದು ಅವರನ್ನು ತೋಳು ಹಿಡಿದು ಮನೆಗೆ ಕರೆದೊಯ್ಯುತ್ತಿದ್ದರು. 2011ರಲ್ಲಿ ಮಾಸ್ಟ್ರು ತೀರಿಕೊಂಡರು.

ಈಗ ಐವಿಯೇ ಈ ಶಾಲೆಯ ಸಂಗೀತ ಶಿಕ್ಷಕಿ. ನನ್ನ ನಳಿಗೆ ಸವೆದಿದೆ. ಕೊಠಡಿಯ ಮೂಲೆಯಲ್ಲಿ ನಿಂತಿದ್ದೇನೆ. ಮಾಸ್ಟ್ರನ್ನು ಕಂಡೇ ಇರದ ಮಕ್ಕಳು ಆ ಮಾರ್ಚ್ ನುಡಿಸುತ್ತಾರೆ. ಕೊನೆಯ ಸ್ವರವನ್ನು ಯಾರಾದರೂ ನಡುಗಿಸದೆ ನೇರವಾಗಿ ಊದಿದರೆ ಐವಿ ತಿದ್ದುತ್ತಾಳೆ. ಆ ಸ್ವರವನ್ನು ಕಲಿತು ಹೋದ ಎಲ್ಲ ಮಕ್ಕಳ ಕೈಗಳನ್ನೂ ನಾನು ಇಲ್ಲಿಂದ ಗಮನಿಸಿದ್ದೇನೆ; ಊದಿ ಮುಗಿದೊಡನೆ ಅವು ಸ್ಥಿರವಾಗುತ್ತವೆ. ಮಾಸ್ಟ್ರ ಕೈಯಿಂದ ಸ್ವರಕ್ಕೆ ಹೋದ ನಡುಕ, ಸ್ವರದಿಂದ ಯಾರ ಕೈಗೂ ಮರಳಲಿಲ್ಲ.