ಹೇಳಿಕೊಟ್ಟ ಮಾತು

ಬೈತಲೆ ಎಷ್ಟು ನೇರ — ಗಂಗಲಕ್ಷ್ಮಿಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ, ಮಗಳ ಮುಖವಲ್ಲ, ಮಗಳು ತೊಟ್ಟ ನೀಲಿ ಲಂಗವಲ್ಲ, ನಡುನೆತ್ತಿಯಿಂದ ಕುತ್ತಿಗೆಯವರೆಗೆ ನೂಲು ಹಿಡಿದು ಎಳೆದಂಥ ಆ ಬೈತಲೆ, ಅದರ ಆಚೀಚೆ ಎರಡು ಜಡೆ, ಒಂದು ಕೂದಲೂ ಹೊರಗಿಲ್ಲ, ಕೆಂಪು ಟೇಪಿನ ಹೂವು ಎರಡೂ ಒಂದೇ ಅಳತೆ, ಇಷ್ಟು ಚಂದ ಹೆಣೆಯಲು ಎಷ್ಟು ಹೊತ್ತು ಬೇಕು, ಅರ್ಧ ಗಂಟೆ, ಅಂದರೆ ಇವತ್ತು ಬೆಳಿಗ್ಗೆ ಅರ್ಧ ಗಂಟೆ ಈ ಹುಡುಗಿ ಅಲುಗಾಡದೆ ಅವಳ ಮುಂದೆ ಕೂತಿದ್ದಾಳೆ, ಏನೇನು ಮಾತಾಡಿಕೊಂಡರೋ, ನಕ್ಕರೋ — ಬಾಮ್ಮ ಪುಟ್ಟಿ, ಜಡ್ಜಮ್ಮ ಕರೀತಾರೆ ಅಂದ ಕೋರ್ಟಿನ ಜವಾನ, ಜಡೆ ಎರಡೂ ಒಳಗೆ ಹೋದವು, ಬಾಗಿಲು ಮುಚ್ಚಿತು. ಚಳ್ಳಕೆರೆ ಕೋರ್ಟಿನ ವರಾಂಡದಲ್ಲಿ ಎರಡು ಬೆಂಚು, ಒಂದರ ಮೇಲೆ ತಾನು, ಇನ್ನೊಂದರ ಮೇಲೆ ಅವಳು, ಚೌಡೇಶ್ವರಿ, ಗಂಡ ಗೋವರ್ಧನನ ಅಕ್ಕ, ಗಂಡ ಸತ್ತು ಮಕ್ಕಳಿಲ್ಲದೆ, ನೇಯುತ್ತಿದ್ದ ಮಗ್ಗ ಬಿಟ್ಟು ತಮ್ಮನ ಮನೆ ಸೇರಿದವಳು, ಮನೆಯ ತೆಲುಗಿನಲ್ಲಿ ವದಿನಾ ವದಿನಾ ಅಂತ ಎಷ್ಟು ವರ್ಷ ಕರೆದದ್ದು, ಈಗ ಆ ಶಬ್ದ ಬಾಯಿಗೆ ಬರುವುದಿಲ್ಲ, ಅವಳು ಅಂದರೆ ಸಾಕು, ಅವಳು. ಗೋವರ್ಧನ ಹೊರಗೆ ಬೇವಿನ ಮರದಡಿ ನಿಂತು ಬೀಡಿ ಸೇದುತ್ತಿದ್ದಾನೆ, ಎಣ್ಣೆ ಮಿಲ್ಲಿನ ವಾಸನೆ ಅವನ ಅಂಗಿಯಿಂದ ಇಲ್ಲಿಯವರೆಗೂ ಬರುತ್ತದೆಯೋ ಇಡೀ ಊರೇ ಹಾಗೆ ನಾರುತ್ತದೆಯೋ, ಅವನ ಮೇಲೆ ಈಗ ಸಿಟ್ಟೂ ಉಳಿದಿಲ್ಲ, ಬಿಡುಗಡೆಗೆ ಇಬ್ಬರೂ ಒಪ್ಪಿಯಾಗಿದೆ, ನಾಳೆ ಅವನು ಬೇರೊಬ್ಬಳಿಗೆ ತಾಳಿ ಕಟ್ಟಿದರೂ ಹೊಟ್ಟೆ ಇಷ್ಟು ಉರಿಯಲಾರದು, ಗಂಡನನ್ನು ಯಾರಾದರೂ ಇಟ್ಟುಕೊಳ್ಳಲಿ, ಮಗಳ ಬೈತಲೆಯನ್ನು ಮಾತ್ರ — ಜಂಬುಲಿಂಗಪ್ಪ ವಕೀಲರು ಮೊದಲ ದಿನವೇ ಬಿಡಿಸಿ ಹೇಳಿದ್ದರು, ನೋಡಮ್ಮ, ಐದು ವರ್ಷದೊಳಗಿನ ಕೂಸಾಗಿದ್ರೆ ಸಾಮಾನ್ಯವಾಗಿ ತಾಯಿಗೇ ಕೊಡ್ತಾರೆ, ನಿನ್ನ ಮಗಳಿಗೆ ಆರು ದಾಟೈತೆ, ಈಗ ಅಪ್ಪನ ಹಕ್ಕು ಅವ್ವನ ಹಕ್ಕು ಅಂತ ನೋಡಲ್ಲ, ಮಗೀಗೆ ಎಲ್ಲಿ ಒಳ್ಳೇದಾಗ್ತೈತೆ ಅಂತ ನೋಡ್ತಾರೆ, ಮಗೀನೂ ಒಂದು ಮಾತು ಕೇಳ್ತಾರೆ, ಮತ್ತೆ ಜೀವನಾಂಶಕ್ಕೆ ನಾಚ್ಕಬ್ಯಾಡ, ನೀನು ಮಗ್ಗದಲ್ಲಿ ದುಡೀತೀಯ ಅಂತ ಅಪ್ಪ ಕೈ ತೊಳ್ಕಳಂಗಿಲ್ಲ, ಮಗೀನ ಊಟ ಬಟ್ಟೆ ಓದು ಅವನ ಮೇಲೂ ಐತೆ, ಅದು ನಿನಗೆ ಹಾಕೋ ಭಿಕ್ಷೆ ಅಲ್ಲ, ಮಗೀನ ಹಕ್ಕು. ತಾನು ಕೇಳಿದ್ದು ಒಂದೇ, ಅತ್ತೆಗೆ ಏನು ಹಕ್ಕೈತೆ ಸಾರ್. ಯಾವ ಅತ್ತೆ? ಮಗೀನ ಸೋದರತ್ತೆಗೆ. ವಕೀಲರು ಕನ್ನಡಕ ತೆಗೆದು ನೋಡಿದರು, ಅವಳಿಗೇನಿಲ್ಲಮ್ಮ, ಕೇಸಿನಲ್ಲಿ ಅವಳು ಮೂರನೆಯವಳು. ಅವತ್ತು ಮೊಳಕಾಲ್ಮೂರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನು ಬೆಲ್ಲದ ಚೂರಿನಂತೆ ಬಾಯಲ್ಲಿಟ್ಟುಕೊಂಡು ಬಂದದ್ದು, ಮೂರನೆಯವಳು, ಮೂರನೆಯವಳು.

ಬಾಗಿಲಿನೊಳಗಿಂದ ಸದ್ದಿಲ್ಲ, ಮಗಳು ಏನು ಹೇಳುತ್ತಿದ್ದಾಳೋ, ಹೇಳಿದಳೋ ಇಲ್ಲವೋ — ಯೋಚಿಸಬಾರದು, ಬೇರೆ ಯೋಚಿಸಬೇಕು, ತನಗೆ ಕೆಮ್ಮು ಶುರುವಾದದ್ದು ಮಗಳು ಸ್ವಪ್ನಳಿಗೆ ಐದು ತುಂಬಿದ ವರ್ಷ, ಮೊದಲು ಬರೀ ಕೆಮ್ಮು, ಆಮೇಲೆ ಸಂಜೆ ಸಂಜೆ ಜ್ವರ, ಆಮೇಲೆ ಸೆರಗಿನ ತುದಿಯಲ್ಲಿ ಕೆಂಪು, ಡಾಕ್ಟರು ಕ್ಷಯ ಅಂದರು, ತಿಂಗಳುಗಟ್ಟಲೆ ಮಾತ್ರೆ, ಕೂಸನ್ನು ಹತ್ತಿರ ಮಲಗಿಸ್ಕಬೇಡಿ ಅಂದರು, ಗಂಗಾ ನೀನು ತವರಿಗೆ ಹೋಗಿ ವಾಸಿ ಮಾಡ್ಕಂಡು ಬಾ, ಮಗೀನ ನಾನು ನೋಡ್ಕತೀನಿ ಅಂದವಳು ಅವಳೇ, ಒಳ್ಳೆಯ ಮಾತೇ ಆಡಿದ್ದು, ಅದೇ ತೊಂದರೆ, ಕೆಟ್ಟ ಮಾತಾಡಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಬಸ್ಸು ಹೊರಟಾಗ ಮಗಳು ಅವಳ ಸೊಂಟದ ಮೇಲೆ ಕೂತು ಕೈ ಬೀಸಿದಳು, ಅಳಲೂ ಇಲ್ಲ. ಆರು ತಿಂಗಳು ಅಂದದ್ದು ಒಂಬತ್ತಾಯಿತು, ಗೋವರ್ಧನ ಎರಡು ಸಲ ಬಂದ, ಬಾಗಿಲ ಹತ್ತಿರವೇ ನಿಂತು ಮಾತಾಡಿದ, ಮೂರನೇ ಸಲ ಅವನ ಬದಲು ನೋಟೀಸು ಬಂತು, ಹೆಂಡತಿ ರೋಗಿಷ್ಟೆ, ಮನೆ ಬಿಟ್ಟು ಹೋದವಳು, ಮಗುವನ್ನು ಸಾಕಲು ಯೋಗ್ಯಳಲ್ಲ, ಅಪ್ಪ ಪೆದ್ದಣ್ಣ ಆ ಕಾಗದವನ್ನು ಮಗ್ಗದ ಗುಂಡಿಯ ಅಂಚಿಗೆ ಕೂತು ಎರಡು ಸಲ ಓದಿಸಿ ಕೇಳಿದ, ಏಮಮ್ಮಾ ಇದಿ, ಏನಮ್ಮ ಇದು ಅಂದ. ವಾಸಿಯಾಗಿದೆ ಅಂತ ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟು ಬಂದರೂ ಮಗಳು ಬರಲಿಲ್ಲ, ಕೇಸು ಮುಗಿಯುವವರೆಗೆ ತಿಂಗಳಿಗೊಂದು ಭಾನುವಾರ, ವಕೀಲರ ಆಫೀಸಿನ ಜಗುಲಿಯ ಮೇಲೆ ಎರಡು ಗಂಟೆ, ಆ ಎರಡು ಗಂಟೆಗಾಗಿ ಉಳಿದ ದಿನವೆಲ್ಲ ಲಾಳಿ ಎಸೆಯುವುದು, ಯಾರ ಯಾರದೋ ಮದುವೆಯ ಸೀರೆ, ಗಿಳಿ ನವಿಲು ಅಂಚು, ಎಣಿಕೆ ತಪ್ಪಿದರೆ ಬಿಚ್ಚುವುದು. ಆ ಎರಡು ಗಂಟೆಯಲ್ಲಾದರೂ ಅವಳಿಲ್ಲವೇ, ಮಗಳ ಬಾಯಿ ಬಿಟ್ಟರೆ ಅವಳೇ, ಅವ್ವ, ಮಂಡಕ್ಕಿ ಒಗ್ಗರಣೆ ಹಿಂಗಲ್ಲ ಮಾಡೋದು, ಅತ್ತೆ ಬೆಳ್ಳುಳ್ಳಿ ಜಜ್ಜಿ ಹಾಕ್ತಾಳೆ, ಅವ್ವ, ಈ ಹಲ್ಲು ಬಿತ್ತು ನೋಡು, ಯಾವಾಗ ಬಿತ್ತೇ, ಆವಾಗ್ಲೇ, ಅತ್ತೆ ಸಗಣಿಯಾಗೆ ಸುತ್ತಿ ಮಾಳಿಗೆ ಮ್ಯಾಲೆ ಎಸೆದ್ಲು. ಮೊದಲ ಹಲ್ಲು ಅದು, ಬಂದಾಗ ತಾನು ನೋಡಿದ್ದು, ಮೊಲೆ ಕಚ್ಚಿಸಿಕೊಂಡದ್ದು ತಾನು, ಬೀಳುವಾಗ ಎತ್ತಿಕೊಂಡವಳು ಅವಳು. ಕಳೆದ ತಿಂಗಳು ಮಗಳು ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು, ಮೂರು ವರ್ಷದಲ್ಲಿ ಮೊದಲ ಸಲ, ತಾನು ಉಸಿರೂ ಬಿಗಿಹಿಡಿದು ಕೂತದ್ದು, ಎಲ್ಲಿ ಎಚ್ಚರವಾಗುವುದೋ ಅಂತ, ಆಗ ಮಗಳು ಮಗ್ಗುಲಾಗಿ, ನಿದ್ದೆಗಣ್ಣಲ್ಲೇ ಸೆರಗು ಹಿಡಿದು, ಅತ್ತೇ ಅಂದಳು.

ಅವತ್ತೇ ಹೇಳಿಕೊಟ್ಟದ್ದು. ಎದ್ದ ಮೇಲೆ ಮುಖ ತೊಳೆಸಿ, ಯಾರೂ ಇಲ್ಲದ್ದು ನೋಡಿ, ಸ್ವಪ್ನಾ, ಜಡ್ಜಮ್ಮ ಕೇಳಿದ್ರೆ ಅತ್ತೆ ಹೊಡೀತಾಳೆ ಅಂತ ಹೇಳು. ಹೊಡಿಯಲ್ಲವಲ್ಲವ್ವ. ಹೊಡೀಲಿ ಬಿಡ್ಲಿ, ಹೇಳು ಅಷ್ಟೆ, ಹೇಳಿದ್ರೆ ನನ್ನ ಜೊತೆ ಬಂದುಬಿಡಬೋದು. ಸುಳ್ಳು ಹೇಳಿದ್ರೆ ಅತ್ತೆ ಬೈತಾಳೆ. ನೋಡು, ಸುಳ್ಳು ಹೇಳಬಾರದು ಅನ್ನುವುದಕ್ಕೂ ಅವಳೇ ಕಾರಣ, ದೇವರಲ್ಲ, ಅವ್ವನಲ್ಲ, ಆ ಒಂದು ಮಾತಿಗೆ ಮೈಯೆಲ್ಲ ಬೆಂಕಿಯಾಗಿ, ಹಂಗಾದ್ರೆ ನಾನು ಸತ್ತೋಗ್ತೀನಿ ಅಂದುಬಿಟ್ಟದ್ದು, ಎಂಟು ವರ್ಷದ ಕೂಸಿಗೆ, ಮಗಳ ಕಣ್ಣು ದೊಡ್ಡದಾಯಿತು, ಆಯ್ತವ್ವ ಹೇಳ್ತೀನಿ ಅಂದಳು, ಮೂರು ಸಲ ಹೇಳಿಸಿ ನೋಡಿದ್ದಾಯಿತು, ಅತ್ತೆ ಹೊಡೀತಾಳೆ, ಅತ್ತೆ ಹೊಡೀತಾಳೆ, ಅತ್ತೆ ಹೊಡೀತಾಳೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ. ಕಟ್ಟಿಕೊಟ್ಟ ಬುತ್ತಿ ಹೇಳಿಕೊಟ್ಟ ಮಾತು ಎಷ್ಟು ದಿನ ಬರ್ತೈತೆ ಅನ್ನುತ್ತಾರೆ, ಬಹಳ ದಿನ ಬೇಡ, ಇವತ್ತೊಂದು ದಿನ ಬಂದರೆ ಸಾಕು — ಎದುರು ಬೆಂಚಿನಿಂದ ಅವಳು ನೋಡುತ್ತಿದ್ದಾಳೆ, ನೀರು ಕುಡೀತೀಯೇನೇ ಗಂಗಾ, ಬಾಟ್ಲಿ ತಂದೀನಿ, ಬೇಡ, ತಲೆಯಾಡಿಸಿದ್ದು ಅಷ್ಟೆ, ಗಂಟಲು ಒಣಗಿ ಮರಳಾಗಿತ್ತು, ಆದರೂ ಬೇಡ. ಬಾಗಿಲು ತೆರೆಯಿತು, ಎಲ್ಲಾರೂ ಬರ್ಬೇಕಂತೆ, ಅತ್ತೆ ಅನ್ನೋರೂ ಬರ್ಬೇಕಂತೆ. ಒಳಗೆ ಫ್ಯಾನು, ಫೈಲು, ಕನ್ನಡಕದ ಜಡ್ಜಮ್ಮ, ಅವರ ಮೇಜಿನ ಪಕ್ಕದಲ್ಲಿ ಮಗಳು, ಒಂದು ಬಿಸ್ಕತ್ತು ಹಿಡಿದಿದ್ದಾಳೆ, ತಿಂದಿಲ್ಲ. ನಿಮ್ಮ ಹೆಸರೇನಮ್ಮ. ಚೌಡೇಶ್ವರಿ ಅಂತರೀ. ಈ ಮಗು, ಅತ್ತೆ ಹೊಡೀತಾರೆ ಅಂತ ಹೇಳ್ತಾ ಇದೆ, ನಿಜವಾ? ಹೇಳಿದಳು, ಹೇಳಿದಳು, ಎದೆಯೊಳಗೆ ಏನೋ ಜಿಗಿಯಿತು, ಸಂತೋಷವೇ ಅದು, ನಾಚಿಕೆಯಿಲ್ಲದ ಸಂತೋಷ. ಸುಳ್ಳು ಮೇಡಂ, ಯಾರೋ ಹೇಳಿಕೊಟ್ಟಾರೆ ಅಂತ ಗೋವರ್ಧನ ಮುಂದೆ ಬಂದ, ನೀವು ಸುಮ್ಮನಿರಿ ಅಂದರು ಜಡ್ಜಮ್ಮ, ಮಗುವಿನ ಕಡೆ ಬಾಗಿ, ಪುಟ್ಟಾ, ಹೆದರಬೇಡ, ನೀನು ಹೇಳಿದ್ದು ನಿಜವಾ, ಯಾರಾದರೂ ಹೇಳಿಕೊಟ್ಟರಾ? ಮಗಳ ಕೈಯಲ್ಲಿ ಬಿಸ್ಕತ್ತು ಮುರಿಯಿತು, ಮಗು ನೋಡಿದ್ದು ಹೆತ್ತವಳನ್ನಲ್ಲ, ಅತ್ತೆಯನ್ನು, ಅತ್ತೆ ಮಗಳನ್ನು ನೋಡಿದಳು, ಆಮೇಲೆ ನಿಧಾನವಾಗಿ ತನ್ನ ಕಡೆ ತಿರುಗಿದಳು, ಒಂದು ಗಳಿಗೆ, ಅಷ್ಟರಲ್ಲಿ ಎಲ್ಲ ತಿಳಿದುಹೋಯಿತು ಅವಳಿಗೆ, ಎಲ್ಲಿ ಹೇಳಿಕೊಟ್ಟದ್ದು, ಯಾಕೆ ಹೇಳಿಕೊಟ್ಟದ್ದು, ಈಗ ಹೇಳುತ್ತಾಳೆ, ಈಗ ತನ್ನ ಮಾನ ಹೋಗುತ್ತದೆ, ಮಗಳೂ ಹೋಗುತ್ತಾಳೆ — ನಮ್ಮ ಮಗು ಸುಳ್ಳು ಹೇಳಲ್ರೀ ಅಂದಳು ಚೌಡೇಶ್ವರಿ. ಹೊಡೆದಿದ್ದೀನ್ರೀ. ಇದೇ ಕೈಯಾಗೆ. ಹಾಗಂದು ಬಲಗೈ ಮುಂದೆ ಚಾಚಿದಳು, ಅಂಗೈ ಮೇಲೆ ಮಾಡಿ, ಇಸ್ಕೂಲಿನಲ್ಲಿ ಮೇಷ್ಟರ ಕೋಲಿಗೆ ಮಕ್ಕಳು ಒಡ್ಡುವ ಹಾಗೆ. ಅಕ್ಕಾ ಏನ್ ಮಾತಾಡ್ತಿದ್ದೀಯ ನೀನು ಅಂತ ಗೋವರ್ಧನ ಕೂಗಿದ, ಅವಳು ತಿರುಗಲಿಲ್ಲ. ಮೇಡಂ ನಾನೇ — ತನ್ನ ಮಾತು ಹಲ್ಲಿನವರೆಗೆ ಬಂತು, ಹಲ್ಲಿನ ಹಿಂದೆ ನಿಂತಿತು, ಜಡ್ಜಮ್ಮ ಏನೋ ಬರೆದುಕೊಳ್ಳುತ್ತಿದ್ದರು, ಪೆನ್ನಿನ ಸದ್ದು, ಮಾತು ಹಿಂದಕ್ಕೆ ಇಳಿಯಿತು, ನುಂಗಿದ್ದು ಗೊತ್ತಾಯಿತು.

ಮಧ್ಯಾಹ್ನಕ್ಕೆ ಆರ್ಡರು, ಶಾಲೆಯ ಪರೀಕ್ಷೆ ಮುಗಿದಿದೆ, ಇವತ್ತಿನಿಂದ ಮಗು ತಾಯಿಯ ಹತ್ತಿರ ಇರಲಿ, ತಂದೆ ಪ್ರತಿ ತಿಂಗಳೂ ಮಗುವಿನ ಖರ್ಚು ಕೊಡಬೇಕು, ಎರಡನೇ ನಾಲ್ಕನೇ ಭಾನುವಾರ ಮೊಳಕಾಲ್ಮೂರಿಗೆ ಬಂದು ನೋಡಬಹುದು, ಒಬ್ಬರೇ ಬರಬೇಕು, ಅತ್ತೆಯನ್ನು ಕರೆತರುವಂತಿಲ್ಲ. ಗೆದ್ದೆಯಲ್ಲಮ್ಮ ಅಂದರು ಜಂಬುಲಿಂಗಪ್ಪ ವಕೀಲರು, ಆದರೆ ಮುಖ ನೋಡಿ ಹೇಳಲಿಲ್ಲ, ಫೈಲಿನ ದಾರ ಕಟ್ಟುತ್ತಾ ಹೇಳಿದರು. ಕೋರ್ಟಿನ ಮೆಟ್ಟಿಲ ಹತ್ತಿರ ಅವಳು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಸ್ಕತ್ತಿನ ಪುಡಿ ಒರೆಸಿದಳು, ಅಳಲಿಲ್ಲ, ತಲೆ ಎತ್ತದೆ, ಗಂಗಾ, ತಲೆಗೆ ಎರೆಯುವಾಗ ಎಡಗಿವಿಗೆ ಹತ್ತಿ ಇಡು, ಸೋರ್ತೈತೆ ಅಂದಳು, ಎದ್ದು ಹೋದಳು, ಎಡಗಿವಿ ಸೋರುತ್ತದೆ ಅಂತ ತನಗೆ ಗೊತ್ತೇ ಇರಲಿಲ್ಲ, ಯಾವಾಗಿನಿಂದ ಸೋರುತ್ತದೆ, ಯಾವ ಡಾಕ್ಟರಿಗೆ ತೋರಿಸಿದರು. ಈಗ ಬಸ್ಸು ತಳಕು ದಾಟಿದೆ, ಕಿಟಕಿಯಿಂದ ಬಿಸಿಗಾಳಿ, ಮಗಳು ಪಕ್ಕದಲ್ಲೇ ಇದ್ದಾಳೆ, ತೋಳಿಗೆ ತೋಳು ತಾಗಿದೆ, ಮೂರು ವರ್ಷ ಬೇಡಿದ್ದು ಇದನ್ನೇ ಅಲ್ಲವೇ, ಗಾಳಿಗೆ ಕೂದಲು ಬಿಚ್ಚಿ ಬೈತಲೆ ಕೆದರಿದೆ, ನಾಳೆ ತಾನೇ ಬಾಚುವುದು, ತನ್ನ ಥರ, ಆ ಬೈತಲೆ ಸೊಟ್ಟಗಾದರೂ ತನ್ನದು — ಅವ್ವ, ಅಂದಳು ಮಗಳು, ಅತ್ತೆ ನನ್ನ ಒಂದ್ಸಲನೂ ಹೊಡೆದಿಲ್ಲ. ಹೂಂ. ಮತ್ಯಾಕವ್ವ ಹೊಡೆದೀನಿ ಅಂದ್ಲು? ಕಂಡಕ್ಟರು ಹಾನಗಲ್ ಹಾನಗಲ್ ಅಂತ ಕೂಗಿದ, ಯಾರೋ ಮೂಟೆ ಇಳಿಸಿದರು, ಬಸ್ಸು ಮತ್ತೆ ಹೊರಟಿತು, ಮಗಳು ಕಿಟಕಿಯ ಕಡೆ ತಿರುಗಿದಳು. ಗೆದ್ದವಳು ತಾನು, ಕಾಗದದಲ್ಲಿ ಹೆಸರು ತನ್ನದು, ಸುಳ್ಳು ತನ್ನದು, ಆ ಸುಳ್ಳನ್ನು ಹೊತ್ತವಳು ಅವಳು, ಅಲ್ಲೂ ಅವಳೇ ಮುಂದೆ, ಮಗಳು ಸುಳ್ಳಿ ಅನ್ನಿಸಿಕೊಳ್ಳಬಾರದು ಅಂತ ತಾನು ಯೋಚಿಸಲೇ ಇಲ್ಲವಲ್ಲ, ಅದು ಅವಳಿಗೆ ಹೊಳೆಯಿತಲ್ಲ, ಅಷ್ಟು ಬೇಗ, ಒಂದು ಗಳಿಗೆಯಲ್ಲಿ, ಹೇಗೆ ಹೊಳೆಯಿತು, ತನಗೆ ಹೊಳೆಯಬೇಕಾದದ್ದು, ಅವಳ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ, ಹೇಳುತ್ತಿದ್ದೆನೇ, ಹೆತ್ತವಳಲ್ಲವೇ, ಹೇಳುತ್ತಿದ್ದೆ, ಕೈ ಚಾಚುತ್ತಿದ್ದೆ, ಹಾಗೆ, ಅಂಗೈ ಮೇಲೆ ಮಾಡಿ — ಅವಳ ಆ ಅಂಗೈ, ಮಗ್ಗ ಬಿಟ್ಟು ಎಷ್ಟು ವರ್ಷವಾದರೂ ತೋರುಬೆರಳ ಬುಡದಲ್ಲಿ ನೂಲು ಕೊರೆದ ಗೀರು, ಗೀರಿನೊಳಗೆ ಬೆಳಗಿನ ಕೊಬ್ಬರಿ ಎಣ್ಣೆಯ ಮಿನುಗು, ನಡುಗಲಿಲ್ಲ ಅದು, ಮಡಚಲೂ ಇಲ್ಲ, ಜಡ್ಜಮ್ಮ ಬರೆಯುವುದು ಮುಗಿಯುವವರೆಗೂ ಹಾಗೇ, ಮೇಜಿನ ಮೇಲೆ, ಅಂಗೈ ಮೇಲೆ ಮಾಡಿ, ಆ ಕೈ.